ಸುಕುಮಾರ ರಾಯ್: ಮಕ್ಕಳಿಗಾಗಿ ಬದುಕಿದ ಮೂವತ್ತೈದು ವರ್ಷ



ನಿಮ್ಮ ಕಚೇರಿಯಲ್ಲಿಯೋ ಕಾರಖಾನೆಯಲ್ಲಿಯೋ ಬಂಗಾಳಿ ಗೆಳೆಯರಿದ್ದರೆ, ಬಿಡುವಿನ ವೇಳೆಯಲ್ಲಿ ಅವರ ಎದುರು 'ಆಬೋಲ್ ತಾಬೋಲ್' ಎಂಬ ಪುಸ್ತಕದ ಹೆಸರನ್ನು ಎತ್ತಿ ನೋಡಿರಿ. ಎಷ್ಟೇ ಗಂಭೀರ ಸ್ವಭಾವದವರಾದರೂ ಅವರ ಮುಖ ಅರಳೀತು. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ನಾಲ್ಕು ಸಾಲು ಹೊರಬಂದರೂ ಬಂದೀತು. ಆ ಪುಸ್ತಕ ಹೊರಬಿದ್ದುದು 1923ರ ಸಪ್ಟೆಂಬರ್ 19ರಂದು. ಬರೆದವರೂ ಅದರ ಚಿತ್ರಗಳನ್ನು ತೆಗೆದವರೂ ಒಬ್ಬರೇ, ಸುಕುಮಾರ ರಾಯ್. ಅಚ್ಚಾದ ಪುಸ್ತಕವನ್ನು ಅವರು ಕಣ್ಣಾರೆ ಕಾಣಲಿಲ್ಲ. ಅದಕ್ಕೆ ಒಂಬತ್ತು ದಿನ ಮೊದಲೇ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು.

ಮಕ್ಕಳ ಪುಸ್ತಕವೆಂದರೆ ನಮ್ಮಲ್ಲಿ ಅನೇಕರಿಗೆ ತಾತ್ಸಾರ. ಓದುವುದಾದರೆ ಕೆಲಸಕ್ಕೆ ಬರುವುದನ್ನು ಓದಬೇಕು, ಪರೀಕ್ಷೆಗೆ ಬರುವುದನ್ನು ಓದಬೇಕು. ಬಾಲವಿಲ್ಲದ ಕೋತಿಯ ಕಥೆ ಯಾರಿಗೆ ಬೇಕು ಎನ್ನುತ್ತೇವೆ. ಆದರೆ ವಿಜ್ಞಾನದಲ್ಲಿ ಉನ್ನತ ಪದವಿ ಪಡೆದು, ವಿಲಾಯತಿಗೆ ಹೋಗಿ ಬಂದು, ಬೇಕಾದ ಹುದ್ದೆಯನ್ನು ಹಿಡಿಯಬಹುದಾಗಿದ್ದ ಒಬ್ಬ ಮನುಷ್ಯ ತನ್ನ ಆಯುಷ್ಯದ ಕಡೆಯ ಹತ್ತು ವರ್ಷಗಳನ್ನು ಮಕ್ಕಳನ್ನು ನಗಿಸುವುದಕ್ಕೇ ಸವೆಸಿದನೆಂದರೆ, ಅದು ಏಕೆಂದು ನಾವು ವಿಚಾರಿಸಲೇಬೇಕು. ಈ ಪಾಠದ ಉದ್ದೇಶ ಅಷ್ಟೇ.

ತಂದೆ ಮತ್ತು ಅಚ್ಚಿನ ಕಸಬು

ಸುಕುಮಾರರ ಕಥೆ ಅವರ ತಂದೆಯಿಂದ ಪ್ರಾರಂಭವಾಗಬೇಕು. ತಂದೆ ಉಪೇಂದ್ರಕಿಶೋರ ರಾಯ್‌ಚೌಧುರಿ 1863ರಲ್ಲಿ ಮೈಮನ್‌ಸಿಂಗ್ ಜಿಲ್ಲೆಯಲ್ಲಿ ಹುಟ್ಟಿದವರು. ಆ ಜಿಲ್ಲೆ ಇಂದು ಬಾಂಗ್ಲಾದೇಶದಲ್ಲಿದೆ. ಓದಿಗಾಗಿ ಕಲಕತ್ತೆಗೆ ಬಂದ ಅವರು ಬ್ರಾಹ್ಮಸಮಾಜವನ್ನು ಸೇರಿದರು. ಪಿಟೀಲು ನುಡಿಸುವರು, ಚಿತ್ರ ತೆಗೆಯುವರು, ಮಕ್ಕಳಿಗಾಗಿ ಕಥೆ ಬರೆಯುವರು. ಬಂಗಾಳದ ಮಕ್ಕಳಿಗೆ ರಾಮಾಯಣವನ್ನು ಸುಲಭವಾದ ಮಾತಿನಲ್ಲಿ ಹೇಳಿ, ಅದಕ್ಕೆ ತಾವೇ ಚಿತ್ರಗಳನ್ನೂ ಬರೆದರು. ಆದರೆ ಆ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೊರೆದು ಮುದ್ರಿಸಿದಾಗ ಅವು ಹಾಳಾದುವು. ಮತ್ತೊಬ್ಬರಾಗಿದ್ದರೆ ಅಚ್ಚುಕೂಟದವನನ್ನು ಬೈದು ಸುಮ್ಮನಾಗುತ್ತಿದ್ದರು. ಉಪೇಂದ್ರಕಿಶೋರರು ಲಂಡನ್ನಿನಿಂದ ಸಲಕರಣೆ ತರಿಸಿ, ಚಿತ್ರದ ಬ್ಲಾಕು ಮಾಡುವ ವಿದ್ಯೆಯನ್ನು ಪುಸ್ತಕಗಳಿಂದ ತಾವೇ ಕಲಿತು, 1895ರಲ್ಲಿ ಸ್ವಂತ ಉದ್ಯಮವನ್ನು ತೆರೆದರು. ಅದೇ ಮುಂದೆ 'ಯು. ರಾಯ್ ಅಂಡ್ ಸನ್ಸ್' ಎಂದು ಹೆಸರಾಯಿತು.

ಈ ವಿದ್ಯೆಗೆ ಹಾಫ್‌ಟೋನ್ ಎಂದು ಹೆಸರು. ಅಚ್ಚುಕೂಟದಲ್ಲಿ ದುಡಿದವರಿಗೆ ಇದು ಗೊತ್ತು. ಉಳಿದವರಿಗಾಗಿ ಎರಡು ಮಾತು. ಅಚ್ಚಿನ ಯಂತ್ರಕ್ಕೆ ತಿಳಿದಿರುವುದು ಎರಡೇ: ಮಸಿ ಹತ್ತಿಸುವುದು, ಇಲ್ಲವೆ ಹತ್ತಿಸದೆ ಬಿಡುವುದು. ಅರ್ಧ ಕಪ್ಪು, ಕಾಲು ಕಪ್ಪು ಎಂಬುದು ಅದಕ್ಕಿಲ್ಲ. ಆದರೆ ಮನುಷ್ಯನ ಮುಖದ ಮೇಲೆ ಬೆಳಕೂ ಉಂಟು, ನೆರಳೂ ಉಂಟು, ಇವೆರಡರ ನಡುವಣ ನೂರು ಛಾಯೆಗಳೂ ಉಂಟು. ಇವನ್ನು ಅಚ್ಚಿನಲ್ಲಿ ತರುವುದು ಹೇಗೆ? ಬಹಳ ಸಣ್ಣ ಗೆರೆಗಳನ್ನು ಅಡ್ಡಲಾಗಿಯೂ ಉದ್ದವಾಗಿಯೂ ಗೀರಿದ ಗಾಜನ್ನು ಕ್ಯಾಮರಾದೊಳಗೆ ಫಿಲ್ಮಿನ ಮುಂದಿಟ್ಟು ಚಿತ್ರದ ಫೋಟೋ ತೆಗೆಯುತ್ತಾರೆ. ಆಗ ಚಿತ್ರವೆಲ್ಲ ಚುಕ್ಕೆಗಳಾಗಿ ಒಡೆಯುತ್ತದೆ. ನೆರಳಿರುವಲ್ಲಿ ದಪ್ಪ ಚುಕ್ಕೆ, ಬೆಳಕಿರುವಲ್ಲಿ ಸಣ್ಣ ಚುಕ್ಕೆ. ಅದನ್ನು ತಾಮ್ರದ ಅಥವಾ ಸತುವಿನ ತಗಡಿನ ಮೇಲಿಳಿಸಿ ಆಮ್ಲದಿಂದ ಕೊರೆದರೆ ಬ್ಲಾಕು ಸಿದ್ಧವಾಯಿತು. ದೂರದಿಂದ ನೋಡುವ ಕಣ್ಣು ಚುಕ್ಕೆಗಳನ್ನು ಕಾಣದೆ ಛಾಯೆಯನ್ನು ಕಾಣುತ್ತದೆ. ಬ್ಲಾಕಿನ ಕಾಲ ಮುಗಿದು ಆಫ್‌ಸೆಟ್ ಬಂದಿದ್ದರೂ ಚುಕ್ಕೆಗಳ ಯುಕ್ತಿ ಹೋಗಿಲ್ಲ. ನಮ್ಮ ವಾಚನಾಲಯದ ಯಾವ ವೃತ್ತಪತ್ರಿಕೆಯ ಚಿತ್ರವನ್ನಾದರೂ ಭೂತಗನ್ನಡಿಯಲ್ಲಿ ನೋಡಿರಿ, ತಿಳಿಯುತ್ತದೆ.

ಉಪೇಂದ್ರಕಿಶೋರರು ಬೇರೆಯವರಿಂದ ಕಲಿತುದನ್ನೇ ಮಾಡುತ್ತ ಕುಳಿತವರಲ್ಲ. ಚುಕ್ಕೆಗಳ ಗಾತ್ರವನ್ನೂ ಗಾಜಿನ ದೂರವನ್ನೂ ಲೆಕ್ಕ ಹಾಕಿ ಹೊಸ ರೀತಿಗಳನ್ನು ಕಂಡುಹಿಡಿದರು. ಲಂಡನ್ನಿನ 'ಪೆನ್‌ರೋಸ್' ವಾರ್ಷಿಕದಲ್ಲಿ ಅವರ ಲೇಖನಗಳು ಅಚ್ಚಾದುವು. ಆಳುವವರ ಕಸಬನ್ನು ಅವರಿಗೇ ವಿವರಿಸಿ ಹೇಳುವಷ್ಟು ಬಲ್ಲ ತಂದೆ ಅವರು.

ಮಗನ ಓದು

ಸುಕುಮಾರರು ಹುಟ್ಟಿದ್ದು ಕಲಕತ್ತೆಯಲ್ಲಿ, 1887ರ ಅಕ್ಟೋಬರ್ 30ರಂದು. ಆರು ಮಂದಿ ಮಕ್ಕಳ ಮನೆ. ಅಕ್ಕ ಸುಖಲತಾ, ತಂಗಿ ಪುಣ್ಯಲತಾ ಇಬ್ಬರೂ ಮುಂದೆ ಮಕ್ಕಳಿಗಾಗಿ ಬರೆದರು. ಸುಕುಮಾರರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲಿಯೂ ಆನರ್ಸ್ ಪಡೆದು 1906ರಲ್ಲಿ ಪದವೀಧರರಾದರು. ಆ ಕಾಲಕ್ಕೆ ಇಷ್ಟು ಓದಿದವನಿಗೆ ಸರಕಾರಿ ಹುದ್ದೆ ದೂರವಾಗಿರಲಿಲ್ಲ. ಅವರು ಮಾಡಿದ್ದೇನೆಂದರೆ ಗೆಳೆಯರನ್ನೂ ತಮ್ಮಂದಿರನ್ನೂ ಕೂಡಿಸಿಕೊಂಡು 'ನಾನ್ಸೆನ್ಸ್ ಕ್ಲಬ್' ಎಂಬ ಕೂಟವನ್ನು ಕಟ್ಟಿದ್ದು! ಅದಕ್ಕೊಂದು ಕೈಬರಹದ ಪತ್ರಿಕೆ, ಆಡಲು ಅವರೇ ಬರೆದ ಹಾಸ್ಯನಾಟಕಗಳು. ರಾಮಾಯಣದ ಲಕ್ಷ್ಮಣ ಮೂರ್ಛೆಹೋಗುವ ಪ್ರಸಂಗವನ್ನು ಕೂಡ ಅವರು ನಗೆನಾಟಕ ಮಾಡಿದರು.

1911ರಲ್ಲಿ ವಿದ್ಯಾರ್ಥಿವೇತನ ದೊರಕಿ ಅವರು ಇಂಗ್ಲೆಂಡಿಗೆ ಹೋದರು. ಹೋದದ್ದು ಬ್ಯಾರಿಸ್ಟರಾಗಲಿಕ್ಕಲ್ಲ, ಐ.ಸಿ.ಎಸ್. ಪರೀಕ್ಷೆಗೂ ಅಲ್ಲ, ತಂದೆಯ ಕಸಬಾದ ಅಚ್ಚಿನ ವಿದ್ಯೆಯನ್ನು ಕಲಿಯಲಿಕ್ಕೆ. ಮೊದಲು ಲಂಡನ್ನಿನಲ್ಲಿ, ಬಳಿಕ ಮ್ಯಾಂಚೆಸ್ಟರಿನ ತಾಂತ್ರಿಕ ಶಾಲೆಯಲ್ಲಿ ಫೋಟೋ ಬ್ಲಾಕು ಮತ್ತು ಕಲ್ಲಚ್ಚಿನ ಕೆಲಸವನ್ನು ಕೈಯಾರೆ ಕಲಿತರು. ತಂದೆಯಂತೆ ಪೆನ್‌ರೋಸ್ ವಾರ್ಷಿಕಕ್ಕೆ ಲೇಖನ ಬರೆದರು. ರವೀಂದ್ರನಾಥ ಠಾಕೂರರು 1912ರಲ್ಲಿ ಲಂಡನ್ನಿಗೆ ಬಂದಾಗ ಸುಕುಮಾರರೂ ಅಲ್ಲಿದ್ದರು. ಠಾಕೂರರ ಕಾವ್ಯವನ್ನು ಕುರಿತು ಅಲ್ಲಿನವರ ಮುಂದೆ ಉಪನ್ಯಾಸ ಮಾಡಿದರು. 1913ರಲ್ಲಿ ಊರಿಗೆ ಮರಳಿ, ಅದೇ ವರ್ಷ ಸುಪ್ರಭಾದೇವಿಯವರನ್ನು ಮದುವೆಯಾದರು.

'ಸಂದೇಶ್'

ಮಗ ವಿಲಾಯತಿಯಲ್ಲಿದ್ದಾಗಲೇ, 1913ರ ಏಪ್ರಿಲ್ ಸುಮಾರಿಗೆ, ಉಪೇಂದ್ರಕಿಶೋರರು 'ಸಂದೇಶ್' ಎಂಬ ಮಕ್ಕಳ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಬಂಗಾಳಿಯಲ್ಲಿ ಸಂದೇಶ್ ಎಂದರೆ ಸುದ್ದಿ; ಛೆನ್ನಾದಿಂದ ಮಾಡುವ ಮಿಠಾಯಿಯ ಹೆಸರೂ ಅದೇ. ಹೆಸರಿನಲ್ಲಿಯೇ ಪತ್ರಿಕೆಯ ಧ್ಯೇಯವಿತ್ತು: ತಿಳಿಯಬೇಕಾದ್ದನ್ನು ತಿಳಿಸಬೇಕು, ಅದು ಸಿಹಿಯಾಗಿಯೂ ಇರಬೇಕು. ಕಥೆ, ಒಗಟು, ಪದ್ಯ, ಬಣ್ಣದ ಚಿತ್ರ ಎಲ್ಲವೂ ಮನೆಯಲ್ಲೇ ಸಿದ್ಧವಾಗಿ, ಮನೆಯ ಅಚ್ಚುಕೂಟದಲ್ಲಿಯೇ ಅಚ್ಚಾಗುತ್ತಿದ್ದುವು. ಗಡ್‌ಪಾರ್ ರಸ್ತೆಯ 100ನೆಯ ನಂಬರಿನ ಆ ಕಟ್ಟಡದಲ್ಲಿ ಕುಟುಂಬದ ವಾಸವೂ ಯಂತ್ರಗಳ ಸದ್ದೂ ಒಟ್ಟಿಗೇ ಇದ್ದುವು.

1915ರ ಡಿಸೆಂಬರಿನಲ್ಲಿ ಉಪೇಂದ್ರಕಿಶೋರರು ಕಾಲವಾದರು. ಇಪ್ಪತ್ತೆಂಟು ವರ್ಷದ ಸುಕುಮಾರರ ಹೆಗಲ ಮೇಲೆ ಉದ್ಯಮವೂ ಪತ್ರಿಕೆಯೂ ಬಿದ್ದುವು. ಅಂದಿನಿಂದ ಕೊನೆಯವರೆಗೂ, ಸುಮಾರು ಎಂಟು ವರ್ಷ, ಸಂಪಾದಕರೂ ಅವರೇ, ಮುಖ್ಯ ಲೇಖಕರೂ ಅವರೇ, ಚಿತ್ರಗಾರರೂ ಅವರೇ. ಪದ್ಯಗಳ ಮಾತು ಹಾಗಿರಲಿ. ಲಿವಿಂಗ್‌ಸ್ಟನ್, ಪಾಶ್ಚರ್ ಮೊದಲಾದವರ ಜೀವನವನ್ನೂ, ನೀರೊಳಗೆ ಚಲಿಸುವ ಹಡಗು ಮೊದಲಾದ ಯಂತ್ರಗಳ ವಿಷಯವನ್ನೂ ಅವರು ಮಕ್ಕಳಿಗೆ ಸರಳವಾಗಿ ಬರೆದು ತಿಳಿಸಿದರು. ವಿಜ್ಞಾನ ಓದಿದ್ದು ವ್ಯರ್ಥವಾಯಿತೆನ್ನುವವರಿಗೆ ಇದೇ ಉತ್ತರ.

ಅಸಂಬದ್ಧದಲ್ಲಿ ಏನು ಸಂಬಂಧ?

'ಆಬೋಲ್ ತಾಬೋಲ್' ಎಂದರೆ ಹುಚ್ಚುಚ್ಚಾದ ಮಾತು, ಬಾಯಿಗೆ ಬಂದುದು. ಅದರಲ್ಲಿನ ಒಂದು ಪದ್ಯದಲ್ಲಿ ಎರಡೆರಡು ಪ್ರಾಣಿಗಳು ಒಂದರೊಳಗೊಂದು ಬೆಸೆದುಕೊಳ್ಳುತ್ತವೆ. ಬಕಪಕ್ಷಿಯೂ ಕಚ್ಛಪವೂ, ಎಂದರೆ ಕೊಕ್ಕರೆಯೂ ಆಮೆಯೂ ಸೇರಿ 'ಬಕಚ್ಛಪ'ವಾಗುತ್ತವೆ. ಇಲ್ಲಿ ಪ್ರಾಣಿಗಳಿಗೆ ಮೊದಲು ಬೆರೆತದ್ದು ಅವುಗಳ ಹೆಸರುಗಳು ಎಂಬುದನ್ನು ಗಮನಿಸಬೇಕು. ಬಕದ ಕೊನೆಯ ಅಕ್ಷರವೇ ಕಚ್ಛಪದ ಮೊದಲಕ್ಷರ. ಸಂಧಿಯ ನಿಯಮದಿಂದ ಹುಟ್ಟಿದ ಪ್ರಾಣಿ ಅದು! ಆನೆಗೆ ಬಂಗಾಳಿಯಲ್ಲಿ ಹಾತಿ, ತಿಮಿಂಗಿಲಕ್ಕೆ ತಿಮಿ. ಎರಡೂ ಕೂಡಿ 'ಹಾತಿಮಿ'. ವ್ಯಾಕರಣವನ್ನು ಶಾಲೆಯಲ್ಲಿ ಏಟು ತಿಂದು ಕಲಿತವರಿಗೆ ಅದೇ ವ್ಯಾಕರಣ ಹೀಗೆ ಕುಣಿಯಬಲ್ಲದೆಂದು ಕಂಡರೆ ನಗೆ ಬಾರದೆ ಇದ್ದೀತೇ? ಪದ್ಯದ ಪಕ್ಕದಲ್ಲಿಯೇ ಆ ಪ್ರಾಣಿಯ ಚಿತ್ರ ಉಂಟು. ಗೆರೆ ಖಚಿತ, ಮುಖದಲ್ಲಿ ಗಾಂಭೀರ್ಯ. ನೋಡಿದರೆ ಇಂಥ ಪ್ರಾಣಿ ಎಲ್ಲಿಯೋ ಇದ್ದೇ ಇರಬೇಕೆಂಬ ನಂಬಿಕೆ ಹುಟ್ಟುತ್ತದೆ. ಮಾತು ಸುಳ್ಳನ್ನು ಹೇಳುತ್ತದೆ, ಚಿತ್ರ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಬರೆದವನೇ ಚಿತ್ರಿಸಿದಾಗ ಸಿಗುವ ಲಾಭ ಇದು.

ಗುಮಾಸ್ತ ಗೆಳೆಯರು ಮೆಚ್ಚುವ ಪದ್ಯವೂ ಒಂದಿದೆ. ಹೆಡ್ಡಾಫೀಸಿನ ದೊಡ್ಡ ಬಾಬು ಬಹು ಶಾಂತ ಮನುಷ್ಯ. ಕುರ್ಚಿಯಲ್ಲಿ ಕುಳಿತು ತೂಕಡಿಸುತ್ತಿದ್ದವನು ಒಮ್ಮೆಲೇ ಎದ್ದು ತನ್ನ ಮೀಸೆ ಕಳವಾಯಿತೆಂದು ಕೂಗಾಡುತ್ತಾನೆ. ಮೀಸೆ ಮುಖದಲ್ಲಿಯೇ ಇದೆ. ಕನ್ನಡಿ ಹಿಡಿದು ತೋರಿಸಿದರೆ, ಇಷ್ಟು ಕೊಳಕಾದ ಮೀಸೆ ನನ್ನದಲ್ಲವೆಂದು ಮತ್ತೂ ಕೆರಳಿ, ಕೈಕೆಳಗಿನವರಿಗೆಲ್ಲ ದಂಡ ಹಾಕುತ್ತಾನೆ. ನಗುವ ಮಗುವಿಗೆ ಇದು ಬರಿಯ ಮೀಸೆಯ ಕಥೆ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ, ಕಣ್ಣೆದುರಿಗೆ ಇರುವುದನ್ನು ಇಲ್ಲವೆನ್ನುವ ಮೇಲಧಿಕಾರಿ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಪದ್ಯ ಶಿವಠಾಕುರನ ನಾಡಿನ ಕಾನೂನುಗಳನ್ನು ಹೇಳುತ್ತದೆ. ಕಾಲು ಜಾರಿ ಬಿದ್ದವನನ್ನು ಪೋಲೀಸರು ಹಿಡಿಯುತ್ತಾರೆ. ಇಪ್ಪತ್ತೊಂದು ರೂಪಾಯಿ ದಂಡ. ಸಂಜೆ ಆರರ ಒಳಗೆ ಸೀನಬೇಕಾದರೆ ಟಿಕೀಟು ಬೇಕು. ಪದ್ಯ ಬರೆಯುವವರನ್ನು ಪಂಜರದಲ್ಲಿಟ್ಟು, ಕಿರಾಣಿ ಅಂಗಡಿಯ ಖಾತೆ ಪುಸ್ತಕ ಕೊಟ್ಟು, ಇಪ್ಪತ್ತೊಂದು ಪುಟ ಲೆಕ್ಕ ಮಾಡಿಸುತ್ತಾರೆ. ಪರರ ಆಳ್ವಿಕೆಯಲ್ಲಿದ್ದ ನಾಡಿನಲ್ಲಿ ಇದನ್ನು ಓದಿದ ದೊಡ್ಡವರು ಏನು ತಿಳಿದುಕೊಂಡರೆಂಬುದನ್ನು ನಾವು ಊಹಿಸಬಹುದು. ಗದ್ಯದಲ್ಲಿ ಬರೆದರೆ ಸೆರೆಮನೆಗೆ ದಾರಿಯಾಗಬಹುದಾಗಿದ್ದ ಮಾತು ಮಕ್ಕಳ ಪದ್ಯವಾಗಿ ಮನೆಮನೆಯನ್ನು ಹೊಕ್ಕಿತು.

'ಹ-ಯ-ಬ-ರ-ಲ' ಎಂಬ ಗದ್ಯಕಥೆಯ ಹೆಸರಿಗೂ ಕಲಸುಮೇಲೋಗರವೆಂದೇ ಅರ್ಥ. ಬಂಗಾಳಿಗಳ ಬಾಯಲ್ಲಿ ಅದು 'ಹಜಬರಲ'. ಬಿಸಿಲಿನಲ್ಲಿ ಮರದಡಿ ಮಲಗಿದ ಹುಡುಗನ ಕರವಸ್ತ್ರ ಬೆಕ್ಕಾಗುತ್ತದೆ. ಮುಂದೆ ಸ್ಲೇಟು ಹಿಡಿದು ಲೆಕ್ಕ ಮಾಡುವ ಕಾಗೆಯೊಂದು ಸಿಗುತ್ತದೆ. ಏಳೆರಡಲ ಎಷ್ಟೆಂಬ ಪ್ರಶ್ನೆಗೆ ಹುಡುಗ ಹದಿನಾಲ್ಕು ಎಂದರೆ ಕಾಗೆ ಒಪ್ಪದು. ಹುಡುಗ ಹೇಳಿದ ಗಳಿಗೆಯಲ್ಲಿ ಅದಿನ್ನೂ ಪೂರ್ತಿ ಹದಿನಾಲ್ಕಾಗಿರಲಿಲ್ಲವಂತೆ, ಕೆಲವು ಕಾಸು ಕಡಮೆ ಇತ್ತಂತೆ. ತಾನು ಸಮಯ ನೋಡಿ ಬರೆದುಬಿಟ್ಟದ್ದರಿಂದ ಸರಿಹೋಯಿತು, ಇಲ್ಲವಾದರೆ ಹದಿನಾಲ್ಕನ್ನು ದಾಟಿಹೋಗುತ್ತಿತ್ತಂತೆ! ತಿಂಗಳ ಕೊನೆಯಲ್ಲಿ ಜಮಾಖರ್ಚು ತಾಳೆಯಾಗದೆ ಪೇಚಾಡಿದವರಿಗೆ ಈ ಕಾಗೆ ಹಳೆಯ ಪರಿಚಯದವನಂತೆ ಕಂಡೀತು.

ಅದೇ ಕಥೆಯಲ್ಲಿ ಒಬ್ಬ ಮುದುಕ ಬರುತ್ತಾನೆ. ಅವರ ಕಡೆ ವಯಸ್ಸು ನಲವತ್ತಾದೊಡನೆ ಅದನ್ನು ಹಿಂದಕ್ಕೆ ತಿರುಗಿಸಿಬಿಡುತ್ತಾರೆ. ಮೂವತ್ತೊಂಬತ್ತು, ಮೂವತ್ತೆಂಟು ಎಂದು ಇಳಿಯುತ್ತ ಹತ್ತಕ್ಕೆ ಬಂದ ಮೇಲೆ ಮತ್ತೆ ಏರಿಸುತ್ತಾರೆ. ಹಾಗೆ ಮಾಡದಿದ್ದರೆ ಮುದುಕರಾಗಿ ಸಾಯಬೇಕಾದೀತಲ್ಲ! ಓದುವ ಮಗು ಇಲ್ಲಿ ನಗುತ್ತದೆ. ಈ ಕಥೆ ಹುಟ್ಟಿದ್ದು 1921-22ರ ಸುಮಾರಿಗೆ ಎಂಬುದು ಗೊತ್ತಿದ್ದವರು ಇಲ್ಲಿ ಕ್ಷಣಕಾಲ ನಿಲ್ಲುತ್ತಾರೆ. ಬರೆದವರಿಗೆ ನಲವತ್ತು ಮುಟ್ಟುವ ಭಾಗ್ಯವೇ ಇರಲಿಲ್ಲ.

ಕಾಯಿಲೆಯ ಎರಡು ವರ್ಷ

1921ರಲ್ಲಿ ಸುಕುಮಾರರಿಗೆ ಕಾಲಾ ಆಜಾರ್ ಎಂಬ ಜ್ವರ ತಗಲಿತು. ಒಂದು ಜಾತಿಯ ಮರಳುನೊಣದ ಕಡಿತದಿಂದ ಹರಡುವ ರೋಗವಿದು. ಜ್ವರ ಬಿಟ್ಟು ಬಿಟ್ಟು ಬರುವುದು, ಗುಲ್ಮ ಊದುವುದು, ಮೈ ಬಡಕಲಾಗಿ ಕಪ್ಪಡರುವುದು ಇದರ ಲಕ್ಷಣ. ರೋಗದ ಕ್ರಿಮಿಯನ್ನು 1903ರಲ್ಲಿ ಲೀಶ್‌ಮನ್ ಮತ್ತು ಮದರಾಸಿನಲ್ಲಿದ್ದ ವೈದ್ಯ ಡೊನೊವನ್ ಬೇರೆ ಬೇರೆಯಾಗಿ ಗುರುತಿಸಿದ್ದರು. ಅದೇ ಕಲಕತ್ತೆಯಲ್ಲಿ ಡಾಕ್ಟರ್ ಉಪೇಂದ್ರನಾಥ ಬ್ರಹ್ಮಚಾರಿಯವರು 1920ರ ಸುಮಾರಿನಲ್ಲಿ ಯೂರಿಯಾ ಸ್ಟಿಬಮೀನ್ ಎಂಬ ಔಷಧಿಯನ್ನು ಸಿದ್ಧಪಡಿಸಿದ್ದರು. ಮುಂದೆ ಅದು ಲಕ್ಷಾಂತರ ಜೀವಗಳನ್ನು ಉಳಿಸಿತು. ಆದರೆ ವ್ಯಾಪಕವಾಗಿ ಬಳಕೆಗೆ ಬರುವ ಹೊತ್ತಿಗೆ ಸುಕುಮಾರರ ಕಾಲ ಮುಗಿದಿತ್ತು. ರೋಗವೂ ಔಷಧಿಯೂ ಒಂದೇ ಊರಿನಲ್ಲಿದ್ದುವು. ಕಾಲ ಮಾತ್ರ ಕೂಡಿ ಬರಲಿಲ್ಲ.

ಕಾಯಿಲೆ ಬಂದ ವರ್ಷವೇ, ಮೇ 2ರಂದು, ಅವರಿಗೆ ಗಂಡುಮಗು ಹುಟ್ಟಿತ್ತು. ತಂದೆ ಮಲಗಿಯೇ ಪತ್ರಿಕೆಯ ಕೆಲಸವನ್ನು ಸಾಗಿಸಿದರು. ಮೈಯಲ್ಲಿ ಶಕ್ತಿ ಇದ್ದಷ್ಟು ಹೊತ್ತು ಬರೆದರು, ಚಿತ್ರ ತೆಗೆದರು. ಸಂದೇಶ್‌ನಲ್ಲಿ ಬಂದಿದ್ದ ಪದ್ಯಗಳನ್ನು ಆರಿಸಿ 'ಆಬೋಲ್ ತಾಬೋಲ್' ಪುಸ್ತಕದ ಮಾದರಿಯನ್ನು ಸಿದ್ಧಗೊಳಿಸಿದರು. ಠಾಕೂರರು ಹಾಸಿಗೆಯ ಬಳಿಗೆ ಬಂದು, ಸುಕುಮಾರರ ಕೋರಿಕೆಯಂತೆ ಹಾಡು ಹಾಡಿದರು. ಪುಸ್ತಕದ ಕಟ್ಟಕಡೆಯ ಪದ್ಯದಲ್ಲಿ ನಗೆಯ ನಡುವೆಯೇ ವಿದಾಯದ ದನಿ ಕೇಳುತ್ತದೆ. ಆದರೆ ಅಳು ಎಲ್ಲಿಯೂ ಇಲ್ಲ. 1923ರ ಸಪ್ಟೆಂಬರ್ 10ರಂದು ಗಡ್‌ಪಾರ್ ರಸ್ತೆಯ ಮನೆಯಲ್ಲಿ ಅವರು ಕಣ್ಣು ಮುಚ್ಚಿದರು.

ಅನಂತರ

ಮುಂದಿನದು ನಮ್ಮಂಥವರ ಮನೆಗಳಲ್ಲಿಯೂ ನಡೆಯುವ ಕಥೆ. ಕೆಲವೇ ವರ್ಷಗಳಲ್ಲಿ ಉದ್ಯಮ ಮುಳುಗಿತು, ಮನೆ ಕೈಬಿಟ್ಟಿತು. ಸುಪ್ರಭಾದೇವಿಯವರು ಚಿಕ್ಕ ಮಗನನ್ನು ಕರೆದುಕೊಂಡು ತಮ್ಮನ ಮನೆ ಸೇರಿದರು. ವಿಧವೆಯರ ಶಾಲೆಯೊಂದರಲ್ಲಿ ಕೈಗೆಲಸ ಕಲಿಸಿ ಮಗನನ್ನು ಬೆಳೆಸಿದರು. ಆ ಮಗ 1943ರಲ್ಲಿ ಕಲಕತ್ತೆಯ ಜಾಹೀರಾತು ಕಂಪನಿಯೊಂದರಲ್ಲಿ ಚಿತ್ರಗಾರನಾಗಿ ನೌಕರಿಗೆ ಸೇರಿದ; ನೌಕರಿಯಲ್ಲಿದ್ದುಕೊಂಡೇ ರಜೆಯ ದಿನಗಳಲ್ಲಿ ತೆಗೆದ ಚಿತ್ರವೊಂದು 1955ರಲ್ಲಿ ಬಿಡುಗಡೆಯಾಯಿತು. ಚಿತ್ರದ ಹೆಸರು 'ಪಥೇರ್ ಪಾಂಚಾಲಿ', ಮಗನ ಹೆಸರು ಸತ್ಯಜಿತ್ ರಾಯ್.

ತಂದೆಯನ್ನು ಸತ್ಯಜಿತರು ಅರಿತದ್ದು ಬಹುಮಟ್ಟಿಗೆ ಪುಸ್ತಕಗಳಿಂದಲೇ; ತಂದೆ ತೀರಿಕೊಂಡಾಗ ಅವರಿಗೆ ಎರಡೂವರೆ ವರ್ಷವೂ ತುಂಬಿರಲಿಲ್ಲ. ಆದರೂ 1961ರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ ಸೇರಿ ನಿಂತುಹೋಗಿದ್ದ 'ಸಂದೇಶ್'ಗೆ ಮತ್ತೆ ಜೀವ ಕೊಟ್ಟರು. ಅಜ್ಜ ಬರೆದ ಮಕ್ಕಳ ಕಥೆಯನ್ನು 1969ರಲ್ಲಿ 'ಗೂಪಿ ಗಾಯ್ನೆ ಬಾಘಾ ಬಾಯ್ನೆ' ಎಂಬ ಚಲನಚಿತ್ರ ಮಾಡಿದರು. 1987ರಲ್ಲಿ, ತಂದೆಯ ಶತಮಾನೋತ್ಸವಕ್ಕೆ, ಅವರನ್ನು ಕುರಿತು ಒಂದು ಸಾಕ್ಷ್ಯಚಿತ್ರ ತೆಗೆದರು. ಉದ್ಯಮ ಹೋಯಿತು, ಯಂತ್ರ ಹೋದುವು, ಮನೆ ಹೋಯಿತು. ಉಳಿದದ್ದು ದೊಡ್ಡವರು ಹುಡುಗಾಟವೆನ್ನುವ ಆ ಪದ್ಯಗಳು ಮತ್ತು ಚಿತ್ರಗಳು.

ನಮಗೇನು?

ಸುಕುಮಾರರ ಪದ್ಯಗಳನ್ನು ಬೇರೆ ಭಾಷೆಗೆ ತರುವುದು ಬಲು ಕಷ್ಟವೆಂದು ಪ್ರಯತ್ನಿಸಿದವರೆಲ್ಲ ಬಲ್ಲರು. ಕಾರಣ ಸ್ಪಷ್ಟವಾಗಿದೆ. ವ್ಯವಹಾರದ ಮಾತನ್ನು ಯಾವ ಭಾಷೆಯಲ್ಲಿಯೂ ಆಡಬಹುದು. ಅಂಗಡಿಯಲ್ಲಿ ಹಿಂದಿ, ನೆರೆಯವರೊಡನೆ ಮರಾಠಿ ಅಥವಾ ತಮಿಳು, ಕಚೇರಿಯಲ್ಲಿ ಇಂಗ್ಲಿಷು ನಮಗೆ ಸಾಕು. ಆದರೆ ಮಾತಿನೊಡನೆ ಆಟವಾಡಬೇಕಾದರೆ ಆ ಭಾಷೆ ಬಾಯಿಗೆ ಬಂದರೆ ಸಾಲದು, ಕಿವಿಗೂ ಹತ್ತಿರಬೇಕು. ಹಾತಿಮಿ ಎಂದೊಡನೆ ನಗಬಲ್ಲವನು ಹಾತಿಯನ್ನೂ ತಿಮಿಯನ್ನೂ ತೊಟ್ಟಿಲಿನಿಂದ ಕೇಳಿದವನು.

ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ನಾವು ಚಿಂತಿಸುತ್ತೇವೆ. ಚಿಂತಿಸಿ, ಭಾನುವಾರ ಕಾಗುಣಿತ ಬರೆಸಲು ಕೂಡಿಸುತ್ತೇವೆ. ಕಾಗುಣಿತ ಬೇಡವೆಂದು ನಾವು ಹೇಳೆವು. ಆದರೆ ಮಗು ಕನ್ನಡದಲ್ಲಿ ಎಂದಾದರೂ ಬಿದ್ದುಬಿದ್ದು ನಕ್ಕಿದೆಯೇ ಎಂದು ಕೇಳಿಕೊಳ್ಳಬೇಕು. ನಗದ ಭಾಷೆ ಮಗುವಿಗೆ ಬರಿಯ ಮನೆಗೆಲಸ. ಎರಡು ಪಾಳಿ ದುಡಿದು ಬಂದವನಿಗೆ ಪುಸ್ತಕ ಹಿಡಿಯುವ ತ್ರಾಣವಿರಲಾರದು. ಆದರೆ ಮಲಗುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆನೆಗೂ ತಿಮಿಂಗಿಲಕ್ಕೂ ಗಂಟು ಹಾಕಿದರೆ 'ಆನೆಮಿಂಗಿಲ'ವಾಗುವುದೋ 'ತಿಮಿಯಾನೆ'ಯಾಗುವುದೋ ಎಂದು ಕೇಳಲು ಐದು ನಿಮಿಷ ಸಾಕು. ಹಾಗೆ ಹುಟ್ಟಿದ ಪ್ರಾಣಿಯ ಚಿತ್ರವನ್ನು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಮಗುವೇ ಬರೆಯಲಿ. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂಬುದನ್ನು ಕನ್ನಡದಲ್ಲಿಯೇ ಹೇಳಲಿ.

ಜ್ವರದಲ್ಲಿ ಮಲಗಿಯೂ ಒಬ್ಬರು ಇದೇ ಕೆಲಸ ಮಾಡಿದರು. ಅದು ಸಣ್ಣ ಕೆಲಸವೆಂದು ಅವರಿಗೆ ಅನಿಸಿರಲಿಲ್ಲ. ನಮಗೂ ಅನಿಸಬೇಕಾಗಿಲ್ಲ.

ಚರ್ಚೆಗೆ

1. ಉಪೇಂದ್ರಕಿಶೋರರು ಅಚ್ಚಿನ ವಿದ್ಯೆಯನ್ನು ತಾವೇ ಕಲಿಯಲು ಕಾರಣವೇನು? ನಿಮ್ಮ ಕಸಬಿನಲ್ಲಿ ಹೀಗೆ ಕಲಿತದ್ದು ಏನಾದರೂ ಉಂಟೇ?

2. ಬೆಳಕು ನೆರಳುಗಳ ಚಿತ್ರವನ್ನು ಒಂದೇ ಬಣ್ಣದ ಮಸಿಯಿಂದ ಅಚ್ಚು ಮಾಡುವುದು ಹೇಗೆ?

3. ಮೀಸೆ ಕಳೆದುಕೊಂಡ ದೊಡ್ಡ ಬಾಬುವಿನ ಕಥೆಯಲ್ಲಿ ಮಗು ನಗುವುದೇತಕ್ಕೆ, ದೊಡ್ಡವರು ನಗುವುದೇತಕ್ಕೆ?

4. ಎರಡು ಕನ್ನಡ ಹೆಸರುಗಳನ್ನು ಬೆಸೆದು ಒಂದು ಹೊಸ ಪ್ರಾಣಿಯನ್ನು ಮಾಡಿರಿ. ಮನೆಯ ಮಕ್ಕಳಿಂದ ಅದರ ಚಿತ್ರ ಬರೆಸಿ ವಾಚನಾಲಯಕ್ಕೆ ತಂದರೆ ಗೋಡೆಯ ಮೇಲೆ ಅಂಟಿಸುತ್ತೇವೆ.